ಡಬ್ಬದ ಮೇಲಿನ ಬಣ್ಣ, ಆಸ್ಪತ್ರೆಯ ರಿಜಿಸ್ಟರು

ಕೀಟನಾಶಕದ ಯಾವುದೇ ಡಬ್ಬದ ಲೇಬಲಿನ ಮೇಲೆ ವಜ್ರಾಕಾರದ ಒಂದು ಚೌಕವಿರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಳಿದ ಬಣ್ಣ ಕೆಂಪಾಗಿದ್ದರೆ ಒಳಗಿರುವುದು ಕಡು ವಿಷ. ಹಳದಿಯಾದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿಯಾದರೆ ಇನ್ನೂ ಕೆಳಗೆ, ಹಸಿರಾದರೆ ಎಲ್ಲಕ್ಕಿಂತ ಸೌಮ್ಯ. ಓದು ಬಾರದವರಿಗೂ ಅಪಾಯದ ಅಂದಾಜು ಸಿಗುವಂತೆ 1971ರ ಕೀಟನಾಶಕ ನಿಯಮಗಳು ಮಾಡಿದ ಏರ್ಪಾಡು ಇದು. ಬಣ್ಣವನ್ನು ನಿರ್ಧರಿಸುವುದು ಒಂದು ಅಂಕಿ. ಪ್ರಯೋಗಾಲಯದ ಪ್ರಾಣಿಗಳಿಗೆ, ಸಾಮಾನ್ಯವಾಗಿ ಇಲಿಗಳಿಗೆ, ಬಾಯಿಯ ಮೂಲಕ ವಿಷ ಕೊಟ್ಟಾಗ ಅವುಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ಬೇಕು ಎಂಬ ಲೆಕ್ಕ. ದೇಹತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂವರೆಗೆ ಸಾಕಾದರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದರಾಚೆಗೆ ಹಸಿರು. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಲಕ್ಕಿಳಿಯುವ ಮನುಷ್ಯನ ಕೈಯಲ್ಲಿರುವ ಡಬ್ಬ ಹೇಳುತ್ತಿರುವುದು ಇಲಿಯ ಸಾವಿನ ವಿಚಾರ. ಮನುಷ್ಯನ ವಿಚಾರ ಅದರಿಂದ ನಾವು ಮಾಡಿಕೊಂಡ ಊಹೆ.

ಊಹೆ ಎಂದಮಾತ್ರಕ್ಕೆ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೊಸ ರಾಸಾಯನಿಕವೊಂದು ಮಾರುಕಟ್ಟೆಗೆ ಬರುವ ಮೊದಲು ಅದನ್ನು ಮನುಷ್ಯರಿಗೆ ಕುಡಿಸಿ ನೋಡುವ ದಾರಿ ಯಾವ ನಾಗರಿಕ ಸಮಾಜಕ್ಕೂ ಇಲ್ಲ. ಪ್ರಾಣಿಗಳ ಮೇಲಿನ ಪರೀಕ್ಷೆ ಅನಿವಾರ್ಯವಾದ ಆರಂಭ. ಅದರ ಕೊರತೆಯನ್ನು ತುಂಬಲು ವಿಷಶಾಸ್ತ್ರಜ್ಞರು ಎಚ್ಚರಿಕೆಯ ಸೂತ್ರವನ್ನೂ ಕಟ್ಟಿಕೊಂಡಿದ್ದಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಲೆಹ್ಮನ್ ಮತ್ತು ಫಿಟ್ಜ್‌ಹ್ಯೂ ಎಂಬ ಇಬ್ಬರು ವಿಜ್ಞಾನಿಗಳು 1954ರಲ್ಲಿ ಮುಂದಿಟ್ಟ ನೂರರ ಸೂತ್ರ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಪ್ರಾಣಿಗೆ ಯಾವ ತೊಂದರೆಯೂ ಕಾಣದ ದಿನವಹಿ ಪ್ರಮಾಣವನ್ನು ನೂರರಿಂದ ಭಾಗಿಸಿ, ಬಂದದ್ದನ್ನು ಮನುಷ್ಯನ ಮಿತಿ ಎಂದು ಇಟ್ಟುಕೊಳ್ಳುವುದು. ಪ್ರಾಣಿಗಿಂತ ಮನುಷ್ಯ ಹತ್ತು ಪಟ್ಟು ಸೂಕ್ಷ್ಮವಾಗಿರಬಹುದು, ಮನುಷ್ಯರಲ್ಲೂ ಮಗು, ಬಸುರಿ, ರೋಗಿ ಇನ್ನೊಂದು ಹತ್ತು ಪಟ್ಟು ಸೂಕ್ಷ್ಮವಾಗಿರಬಹುದು ಎಂಬ ತರ್ಕ ಅದರ ಹಿಂದಿದೆ. ಇಷ್ಟರವರೆಗೆ ತಕರಾರಿಲ್ಲ. ತಕರಾರು ಶುರುವಾಗುವುದು ಪರವಾನಗಿ ಸಿಕ್ಕ ಮರುದಿನದಿಂದ. ಆ ದಿನದಿಂದ ಲಕ್ಷಾಂತರ ಮನುಷ್ಯರು ಆ ವಸ್ತುವನ್ನು ಮುಟ್ಟುತ್ತಾರೆ, ಉಸಿರಾಡುತ್ತಾರೆ, ಕೆಲವರು ಸಾಯುತ್ತಾರೆ. ಊಹೆ ಸರಿಯೋ ತಪ್ಪೋ ಎಂಬುದಕ್ಕೆ ಉತ್ತರ ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರಿನಲ್ಲಿ ದಿನದಿನವೂ ದಾಖಲಾಗುತ್ತಾ ಹೋಗುತ್ತದೆ. ಪರವಾನಗಿ ಕೊಟ್ಟ ಕಚೇರಿಗೆ ಮಾತ್ರ ಆ ಉತ್ತರ ತಲುಪುವ ಖಾತರಿಯಿಲ್ಲ. ಮನುಷ್ಯರ ಮೇಲಿನ ವಿಷದ ಅಧ್ಯಯನಕ್ಕೂ ರಾಸಾಯನಿಕಗಳ ನಿಯಂತ್ರಣಕ್ಕೂ ನಡುವೆ ಸೇತುವೆ ಬೇಕು ಎಂದು ತಜ್ಞರು ಹೇಳುತ್ತಲೇ ಇರುತ್ತಾರೆ. ಆ ಸೇತುವೆಗೆ ಬೇಕಾಗಿರುವುದು ಹೊಸ ವಿಜ್ಞಾನಕ್ಕಿಂತ ಹೆಚ್ಚಾಗಿ, ದಾಖಲೆಯೊಂದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಡ್ಡಾಯವಾಗಿ ಹೋಗುವ ಕ್ರಮ ಎಂಬುದು ನನ್ನ ವಾದ.

ಈ ವಾದಕ್ಕೆ ಒಳ್ಳೆಯ ಸಾಕ್ಷ್ಯ ನಮ್ಮ ನೆರೆಯಲ್ಲೇ, ಶ್ರೀಲಂಕಾದಲ್ಲಿದೆ. ಅಲ್ಲಿ 1980ರ ಕಾಯ್ದೆಯೊಂದು ಕೀಟನಾಶಕಗಳ ರಿಜಿಸ್ಟ್ರಾರ್ ಎಂಬ ಅಧಿಕಾರಿಯ ಕೈಗೆ ನೋಂದಣಿಯನ್ನೂ ನಿಷೇಧವನ್ನೂ ಒಪ್ಪಿಸಿತು. ಕೊಲಂಬೊದಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ತೆರೆಯಿತು. ಆಗ ಆ ದೇಶದ ಆತ್ಮಹತ್ಯೆಯ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು, ಅದರಲ್ಲಿ ಬಹುಪಾಲು ಕೀಟನಾಶಕದ್ದು. ಅನುರಾಧಪುರದ ಸರ್ಕಾರಿ ಆಸ್ಪತ್ರೆಯ ದಾಖಲೆಗಳ ಪ್ರಕಾರ 1991 ಮತ್ತು 1992ರಲ್ಲಿ ಅಲ್ಲಿ ಕೀಟನಾಶಕದಿಂದ ಸತ್ತವರಲ್ಲಿ ನೂರಕ್ಕೆ 72 ಮಂದಿಯ ಸಾವಿಗೆ ಎರಡೇ ರಾಸಾಯನಿಕಗಳು ಕಾರಣ: ಮೊನೊಕ್ರೋಟೊಫಾಸ್ ಮತ್ತು ಮೆಥಮಿಡೊಫಾಸ್. 1995ರ ಹೊತ್ತಿಗೆ ಎರಡೂ ನಿಷೇಧವಾದವು. ಮುಂದೆ ನಡೆದದ್ದು ಇನ್ನೂ ಗಮನಿಸಬೇಕಾದ ವಿಷಯ. ಖಾಲಿಯಾದ ಜಾಗಕ್ಕೆ ಎಂಡೋಸಲ್ಫಾನ್ ಬಂತು. ಇಲಿಯ ಲೆಕ್ಕದಲ್ಲಿ ಅದು ಮಧ್ಯಮ ಅಪಾಯದ ವರ್ಗಕ್ಕೆ ಸೇರಿದ್ದು, ಹಾಗಾಗಿ ಮೊದಲ ಸುತ್ತಿನ ನಿಷೇಧದಿಂದ ಪಾರಾಗಿತ್ತು. ನಿಲ್ಲದ ಅಪಸ್ಮಾರದಿಂದ ಸಾಯುವ ರೋಗಿಗಳು ಆಸ್ಪತ್ರೆಯಲ್ಲಿ ಹೆಚ್ಚತೊಡಗಿದರು: 1994ರಲ್ಲಿ ಒಬ್ಬರು, 1998ರಲ್ಲಿ ಐವತ್ತು ಮಂದಿ. ಅದೇ 1998ರಲ್ಲಿ ಶ್ರೀಲಂಕಾ ಎಂಡೋಸಲ್ಫಾನನ್ನೂ ನಿಷೇಧಿಸಿತು. ಮೂರು ವರ್ಷಗಳಲ್ಲಿ ಆ ಸಂಖ್ಯೆ ಮೂರಕ್ಕೆ ಇಳಿಯಿತು. ವಾರ್ಡಿನ ವೈದ್ಯರು ಕಂಡದ್ದು ರಿಜಿಸ್ಟ್ರಾರರ ಆದೇಶವಾಗಲು ನಾಲ್ಕು ವರ್ಷ ಸಾಕಾಯಿತು.

ಅಲ್ಲಿನ ವೈದ್ಯರು ಅಷ್ಟಕ್ಕೇ ನಿಲ್ಲಲಿಲ್ಲ. 2002ರಿಂದ 2008ರವರೆಗೆ ಕೀಟನಾಶಕ ಸೇವಿಸಿ ಆಸ್ಪತ್ರೆಗೆ ಬಂದ 9,302 ರೋಗಿಗಳನ್ನು ಒಂದು ಸಂಶೋಧನಾ ತಂಡ ದಾಖಲಿಸಿಕೊಂಡಿತು; ಯಾರು ಏನು ಕುಡಿದಿದ್ದರು, ಬದುಕಿದರೇ ಸತ್ತರೇ ಎಂಬ ಪೂರ್ತಿ ಲೆಕ್ಕ. 2010ರಲ್ಲಿ ಪ್ರಕಟವಾದ ಆ ಅಧ್ಯಯನ ಬಣ್ಣದ ಚೌಕದ ಬುಡವನ್ನೇ ಅಲುಗಿಸಬೇಕಿತ್ತು. ಇಲಿಯ ಲೆಕ್ಕದಲ್ಲಿ ಒಂದೇ ವರ್ಗಕ್ಕೆ ಸೇರಿದ, ಅಂದರೆ ಸಮಾನ ಅಪಾಯ ಎಂದು ಮುದ್ರೆ ಬಿದ್ದ ರಾಸಾಯನಿಕಗಳ ನಡುವೆಯೇ ಅಜಗಜಾಂತರ ಕಂಡಿತು. ಕೆಲವನ್ನು ಕುಡಿದವರಲ್ಲಿ ಹೆಚ್ಚುಕಮ್ಮಿ ಯಾರೂ ಸತ್ತಿರಲಿಲ್ಲ, ಒಂದನ್ನು ಕುಡಿದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಕಾರಣ ಊಹಿಸಲಾರದ್ದೇನಲ್ಲ. ಇಲಿಗೆ ಕೊಡುವುದು ಶುದ್ಧ ರಾಸಾಯನಿಕ, ಅಂಗಡಿಯಲ್ಲಿ ಸಿಗುವುದು ದ್ರಾವಕ ಬೆರೆಸಿದ ಮಿಶ್ರಣ. ಇಲಿಗೆ ಚಿಕಿತ್ಸೆಯಿಲ್ಲ, ಮನುಷ್ಯನಿಗೆ ಇದೆ. ಹಾಗಾಗಿ ಪ್ರತಿವಿಷ ಇರುವ ವಿಷಕ್ಕೂ ಇಲ್ಲದ ವಿಷಕ್ಕೂ ಇರುವ ವ್ಯತ್ಯಾಸ ಇಲಿಯ ಅಂಕಿಯಲ್ಲಿ ಕಾಣಿಸುವುದೇ ಇಲ್ಲ. ಈ ಬಗೆಯ ದಾಖಲೆಗಳ ಬಲದ ಮೇಲೆ ಶ್ರೀಲಂಕಾ 2008ರಿಂದ 2011ರ ನಡುವೆ ಡೈಮಿಥೊಯೇಟ್, ಫೆಂಥಿಯಾನ್, ಪ್ಯಾರಾಕ್ವಾಟ್‌ಗಳನ್ನು ಹಿಂದಕ್ಕೆ ಪಡೆಯಿತು.

ಮನುಷ್ಯರ ದಾಖಲೆ ಬಂದರೆ ಎಲ್ಲವನ್ನೂ ನಿಷೇಧಿಸುತ್ತಾ ಹೋಗಬೇಕಾಗುತ್ತದೆ ಎಂದು ಕಂಪನಿಗಳು ಅಂಜುವುದುಂಟು. ಸ್ಯಾಕರಿನ್ ಕಥೆ ಅದಕ್ಕೆ ಉತ್ತರ. ಇಲಿಗಳಲ್ಲಿ ಮೂತ್ರಕೋಶದ ಕ್ಯಾನ್ಸರ್ ಕಂಡದ್ದರಿಂದ 1977ರಲ್ಲಿ ಅಮೆರಿಕ ಅದನ್ನು ನಿಷೇಧಿಸಲು ಹೊರಟಿತ್ತು. ಜನರ ವಿರೋಧದಿಂದ ನಿಷೇಧ ನಿಂತರೂ ಎಚ್ಚರಿಕೆಯ ಲೇಬಲು ಉಳಿಯಿತು. ಆ ಗಡ್ಡೆಗೆ ಗಂಡು ಇಲಿಯ ಮೂತ್ರದ ವಿಶೇಷ ಗುಣ ಕಾರಣವೆಂದೂ ಮನುಷ್ಯರಲ್ಲಿ ಅಂಥ ಸಂಬಂಧ ಸ್ಪಷ್ಟವಾಗಿ ಕಾಣುತ್ತಿಲ್ಲವೆಂದೂ ತಿಳಿದ ಮೇಲೆ, 2000ದಲ್ಲಿ ಸ್ಯಾಕರಿನ್ ಅಲ್ಲಿನ ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದ ಹೊರಬಿತ್ತು, ಲೇಬಲೂ ಹೋಯಿತು. ಮನುಷ್ಯರ ಸಾಕ್ಷ್ಯ ಎರಡೂ ಕಡೆಗೆ ತೂಗುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಶ್ರೀಲಂಕಾ 1995ರಲ್ಲಿ ಕೈಬಿಟ್ಟ ಮೊನೊಕ್ರೋಟೊಫಾಸನ್ನು ಭಾರತ 2005ರಲ್ಲಿ ತರಕಾರಿಗೆ ಬಳಸಬಾರದೆಂದು ಹೇಳಿ, ಉಳಿದ ಬೆಳೆಗಳಿಗೆ ಬಿಟ್ಟುಕೊಟ್ಟಿತು. ಅಂಗಡಿಯ ಕಪಾಟಿನಿಂದ ಮನೆಗೆ ಬಂದ ಡಬ್ಬಕ್ಕೆ ಯಾವ ಬೆಳೆಗೆ ತನ್ನನ್ನು ಕೊಂಡರು ಎಂಬುದು ಗೊತ್ತಿರುವುದಿಲ್ಲ. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಸಿಕ್ಕಿದ್ದು ಮೊನೊಕ್ರೋಟೊಫಾಸ್. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಮಂದಿ ಸತ್ತಾಗಲೂ ಕೇಳಿಬಂದದ್ದು ಅದೇ ಹೆಸರು. ಒಂದು ಬೇಜವಾಬ್ದಾರಿ, ಇನ್ನೊಂದು ಅಪರಾಧ. ಆ ಪ್ರಶ್ನೆಗಳನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ. ನಿಯಂತ್ರಕರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇಷ್ಟು ಸುಲಭವಾಗಿ ಇಷ್ಟು ಜನರನ್ನು ಕೊಲ್ಲಬಲ್ಲ ವಸ್ತು ಹಳ್ಳಿಯ ಅಂಗಡಿಯಲ್ಲಿ ಏಕಿತ್ತು? ಬೇರೆ ದೇಶಗಳು ನಿಷೇಧಿಸಿದ ಅಥವಾ ನಿರ್ಬಂಧಿಸಿದ 66 ಕೀಟನಾಶಕಗಳನ್ನು ಪರಿಶೀಲಿಸಲು ಅನುಪಮ್ ವರ್ಮಾ ಸಮಿತಿ ರಚನೆಯಾದದ್ದು 2013ರಲ್ಲಿ. 2018ರಲ್ಲಿ 18 ನಿಷೇಧವಾದವು. 2020ರ ಮೇ ತಿಂಗಳಲ್ಲಿ ಇನ್ನೂ 27ನ್ನು ನಿಷೇಧಿಸುವ ಕರಡು ಬಂತು, ಅದರಲ್ಲಿ ಮೊನೊಕ್ರೋಟೊಫಾಸ್ ಕೂಡ ಇತ್ತು. 2023ರಲ್ಲಿ ಆ 27ರಲ್ಲಿ ಪೂರ್ತಿ ನಿಷೇಧವಾದದ್ದು ಮೂರು. ಉಳಿದವು ಏಕೆ ಬದುಕಿಕೊಂಡವು ಎಂದು ಸುಪ್ರೀಂ ಕೋರ್ಟೇ ಕೇಳಬೇಕಾಯಿತು.

ಎಂಡೋಸಲ್ಫಾನಿನ ವಿಷಯದಲ್ಲಿ ನಮಗೆ ಹಿಡಿದ ಕಾಲ ಇನ್ನೂ ದೀರ್ಘ. ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳದ ತೋಟಗಾರಿಕೆ ನಿಗಮ 1970ರ ದಶಕದ ಕೊನೆಯಿಂದ 2000ದವರೆಗೆ, ಟೀ ಸೊಳ್ಳೆಯ ಕಾಟ ತಡೆಯಲೆಂದು, ಹೆಲಿಕಾಪ್ಟರಿನಿಂದ ಅದನ್ನು ಸುರಿಯಿತು. ಗಡಿಯ ಈಚೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಮುತ್ತ ಕರ್ನಾಟಕದ ಗೇರು ಅಭಿವೃದ್ಧಿ ನಿಗಮವೂ ಆಕಾಶದಿಂದಲೇ ಸಿಂಪಡಿಸಿತು. ತೋಟಗಳು ಗುಡ್ಡದ ನೆತ್ತಿಯಲ್ಲಿ, ಮನೆಗಳು ಕಣಿವೆಯಲ್ಲಿ, ಕುಡಿಯುವ ನೀರು ಸುರಂಗ ಮತ್ತು ತೋಡುಗಳಲ್ಲಿ. ಕರುಗಳು ಊನಗೊಂಡು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀ ಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ಕಾಸರಗೋಡಿನ ಕಡೆಯ ಅವರದೇ ಊರಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್, ಚಿಕ್ಕ ಪ್ರದೇಶದಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಹುಟ್ಟು ಊನ, ಕ್ಯಾನ್ಸರ್‌ಗಳು ಒತ್ತಾಗಿ ಕಾಣುತ್ತಿರುವುದನ್ನು ಗುರುತಿಸಿದರು. ಇಬ್ಬರ ಬಳಿಯೂ ಇದ್ದದ್ದು ಶ್ರೀಲಂಕಾದ ವೈದ್ಯರ ಬಳಿ ಇದ್ದಂಥದ್ದೇ, ನೆಲದ ಮೇಲೆ ಕಂಡ ಸಾಕ್ಷ್ಯ. ಅದನ್ನು ಕೊಡಲು ಮಾತ್ರ ಒಂದು ಕಿಟಕಿ ಇರಲಿಲ್ಲ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಊರಿನ ಮಾದರಿಗಳಲ್ಲಿ ಎಂಡೋಸಲ್ಫಾನ್ ಹೇರಳವಾಗಿದೆ ಎಂದಿತು. ಕೇರಳದ ನಿಗಮದ ಪರವಾಗಿ ನಡೆದ ಪರೀಕ್ಷೆ ಇಲ್ಲವೆಂದಿತು. ಇಪ್ಪತ್ತು ವರ್ಷ ಸಿಂಪಡಿಸಿದ ಮೇಲೆ, ಒಬ್ಬೊಬ್ಬರು ಒಂದೊಂದು ಪ್ರಯೋಗಾಲಯ ಹಿಡಿದು ಜಗಳವಾಡುವ ಸ್ಥಿತಿ ಅದು. ಸಿಂಪಡಣೆ ಶುರುವಾದ ವರ್ಷವೇ ಕೆಳಗಿನ ಬಾವಿಗಳ ನೀರನ್ನು ತೆಗೆದಿಡಬೇಕು, ಕೆಲವು ಮನೆಗಳವರ ರಕ್ತ ಪರೀಕ್ಷಿಸಿಡಬೇಕು ಎಂಬ ಷರತ್ತು ಯಾರ ಪರವಾನಗಿಯಲ್ಲೂ ಇರಲಿಲ್ಲ.

ಕೊನೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಧ್ಯೆ ಬಂದ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಅಧ್ಯಯನ ಮಾಡಿತು. ತೋಟದ ಬುಡದಲ್ಲಿರುವ ಊರಿನ 117 ಶಾಲಾ ಹುಡುಗರನ್ನು, ಸಿಂಪಡಣೆ ಕಾಣದ ಊರಿನ 90 ಹುಡುಗರ ಜೊತೆ ಹೋಲಿಸಿ ನೋಡಿತು. ಮೊದಲ ಗುಂಪಿನ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು, ಗಂಡು ಹಾರ್ಮೋನಿನಲ್ಲೂ ವ್ಯತ್ಯಾಸವಿತ್ತು. 2003ರಲ್ಲಿ ಇದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು, ಕೂಡಲೇ ಆಕ್ಷೇಪಗಳೂ ಬಂದವು. ಐರೋಪ್ಯ ಒಕ್ಕೂಟ 2005ರಲ್ಲಿ ಎಂಡೋಸಲ್ಫಾನಿನ ಅನುಮತಿ ಹಿಂತೆಗೆದುಕೊಂಡಿತು. ಅದರ ಅತಿ ದೊಡ್ಡ ಉತ್ಪಾದಕನಾಗಿದ್ದ ಭಾರತ ಮಾತ್ರ ಜಾಗತಿಕ ನಿಷೇಧವನ್ನು 2011ರವರೆಗೂ ವಿರೋಧಿಸುತ್ತಲೇ ಇತ್ತು. ಆ ವರ್ಷ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಅದು ಸೇರಿತು. ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳಿಗೆ ತಡೆಯಾಜ್ಞೆ ಕೊಟ್ಟಿತು. ಒಂದೇ ರಾಸಾಯನಿಕ, ಅನುರಾಧಪುರದಲ್ಲಿ ನಾಲ್ಕು ವರ್ಷ, ಇಲ್ಲಿ ಮೂರು ದಶಕ.

ಈ ಹೋಲಿಕೆ ನ್ಯಾಯವೇ ಎಂದು ಕೇಳಬಹುದು, ಕೇಳಬೇಕು. ಕುಡಿದು ಅದೇ ದಿನ ಆಸ್ಪತ್ರೆ ಸೇರಿದವರ ವಿಷಯದಲ್ಲಿ ಕಾರಣ ಕಣ್ಣೆದುರಿಗಿರುತ್ತದೆ. ವರ್ಷಗಟ್ಟಲೆ ಹನಿಹನಿಯಾಗಿ ಮೈಸೇರಿದ್ದರ ಪರಿಣಾಮವನ್ನು ಹೇಳುವುದು ಹಾಗಲ್ಲ. ಕಾಸರಗೋಡಿನ ಯಾವ ಮಗುವಿನ ಯಾವ ಕಾಯಿಲೆಗೆ ಎಂಡೋಸಲ್ಫಾನೇ ಕಾರಣ ಎಂದು ಒಂದೊಂದಾಗಿ ಸಾಬೀತು ಮಾಡಲು ಆಗಿಲ್ಲ. ರಕ್ತಸಂಬಂಧದ ಮದುವೆ, ಪೌಷ್ಟಿಕತೆ, ಬೇರೆ ಸೋಂಕುಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ, 207 ಹುಡುಗರ ಒಂದು ಅಧ್ಯಯನ ದೊಡ್ಡದೂ ಅಲ್ಲ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಅದರಿಂದ ಹೊರಡುವ ತೀರ್ಮಾನವನ್ನು ಒಪ್ಪಲಾರೆ. ಸಾಕ್ಷ್ಯ ದುರ್ಬಲವಾಗಿದ್ದಕ್ಕೆ ಮುಖ್ಯ ಕಾರಣವೇ ಸಮಯಕ್ಕೆ ಸರಿಯಾಗಿ ಯಾರೂ ಅಳೆಯದಿದ್ದುದು. ಎಂಡೋಸಲ್ಫಾನ್ ದೇಹದಲ್ಲಿ ಬಹುಕಾಲ ನಿಲ್ಲುವುದಿಲ್ಲ, ಸಿಂಪಡಣೆ ನಿಂತ ಮೇಲೆ ಹುಡುಕಿದರೆ ಸುಳಿವು ಸವೆದಿರುತ್ತದೆ. ಅಳೆಯುವ ಹೊಣೆ ಹೊರಬೇಕಾದವರು ಹೊರಲಿಲ್ಲ, ಆಮೇಲೆ ಅಳತೆಯಿಲ್ಲವೆಂದು ಊರವರನ್ನು ತಳ್ಳಿಹಾಕಿದರು. ಇನ್ನೊಂದು ಗೊಂದಲವೂ ಇದರಲ್ಲಿ ಸೇರಿಕೊಂಡಿದೆ. ಇಂಥ ಮಗುವಿಗೆ ಇಂಥ ಕಾರಣದಿಂದ ಹಾನಿಯಾಯಿತೇ ಎಂಬುದು ಪರಿಹಾರದ ಪ್ರಶ್ನೆ. ಈ ವಸ್ತುವನ್ನು ಜನವಸತಿಯ ಮೇಲೆ ಸುರಿಯುವುದನ್ನು ಮುಂದುವರಿಸಬಹುದೇ ಎಂಬುದು ನಿಯಂತ್ರಣದ ಪ್ರಶ್ನೆ. ಎರಡನೆಯದಕ್ಕೆ ಮೊದಲನೆಯದರಷ್ಟು ಗಟ್ಟಿ ಪುರಾವೆ ಬೇಕಿಲ್ಲ, ಏಕೆಂದರೆ ತಪ್ಪಿದರೆ ಕಳೆದುಕೊಳ್ಳುವುದು ಒಂದಿಷ್ಟು ಗೇರುಬೀಜ. ಕುತೂಹಲವೆಂದರೆ ಕೊನೆಗೆ ಪರಿಹಾರದ ಪ್ರಶ್ನೆಯೂ ಹಾಗೆಯೇ ಇತ್ಯರ್ಥವಾಯಿತು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳಕ್ಕೆ ಆದೇಶಿಸಿದಾಗ ಪ್ರತಿ ದೇಹದ ಮೇಲೂ ವೈಜ್ಞಾನಿಕ ಪುರಾವೆ ಕೇಳಲಿಲ್ಲ.

ಶ್ರೀಲಂಕಾದ ಅನುಭವಕ್ಕೂ ಎರಡು ಆಕ್ಷೇಪಗಳಿವೆ. ಸಾಯಬೇಕೆಂದವರು ಒಂದಲ್ಲದಿದ್ದರೆ ಇನ್ನೊಂದು ದಾರಿ ಹುಡುಕುತ್ತಾರೆ, ಡಬ್ಬವನ್ನು ದೂರಿ ಫಲವೇನು ಎಂಬುದು ಮೊದಲನೆಯದು. ಅನುಕಂಪದ ಮಾತಿನಂತೆ ಕೇಳಿಸಿದರೂ ದಾಖಲೆಗಳೆದುರು ಇದು ನಿಲ್ಲುವುದಿಲ್ಲ. ನಿಷೇಧಗಳಾದ ವರ್ಷಗಳಲ್ಲಿ ಅಲ್ಲಿ ಕೀಟನಾಶಕ ಕುಡಿದು ಆಸ್ಪತ್ರೆಗೆ ಬಂದವರ ಸಂಖ್ಯೆ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಹಾಗೆ ಬಂದವರಲ್ಲಿ ಸಾಯುವವರ ಪ್ರಮಾಣ ಇಳಿಯಿತು. ಕ್ಷಣದ ಆವೇಶದಲ್ಲಿ ಕೈಗೆ ಸಿಕ್ಕಿದ್ದು ಕಡಿಮೆ ಮಾರಕವಾಗಿದ್ದರಿಂದ ಜನ ಬದುಕಿ ಮನೆಗೆ ಹೋದರು. 1995ರಿಂದ ಇಪ್ಪತ್ತು ವರ್ಷಗಳಲ್ಲಿ ಹೀಗೆ ಉಳಿದ ಜೀವಗಳು ಸುಮಾರು 93,000 ಎಂದು ಸಂಶೋಧಕರ ಅಂದಾಜು. ಎರಡನೆಯ ಆಕ್ಷೇಪ ರೈತರದು: ವಿಷ ಕಿತ್ತುಕೊಂಡರೆ ಬೆಳೆಯ ಗತಿ ಏನು? ಇದನ್ನು ಕೇಳುವವರು 2021ರ ಶ್ರೀಲಂಕಾವನ್ನು ನೆನಪಿಸುತ್ತಾರೆ. ರಾತ್ರೋರಾತ್ರಿ ರಸಗೊಬ್ಬರ, ಕೀಟನಾಶಕಗಳ ಆಮದನ್ನೆಲ್ಲ ನಿಲ್ಲಿಸಿದ ಅಲ್ಲಿನ ಸರ್ಕಾರ, ಬೆಳೆ ಕುಸಿದು ಅದೇ ವರ್ಷ ನವೆಂಬರಿನಲ್ಲಿ ಆದೇಶವನ್ನು ನುಂಗಿಕೊಳ್ಳಬೇಕಾಯಿತು. ಅದಕ್ಕೂ ಹಿಂದಿನ ಮೂರು ದಶಕಗಳ ನಿಷೇಧಗಳಿಗೂ ಸಂಬಂಧವಿಲ್ಲ. ಆಗ ಒಂದೊಂದು ರಾಸಾಯನಿಕವನ್ನು ಆಸ್ಪತ್ರೆಯ ಲೆಕ್ಕ ನೋಡಿ, ಬದಲಿ ಇದೆಯೇ ಎಂದು ಕೃಷಿ ತಜ್ಞರನ್ನು ಕೇಳಿ, ಹಂತಹಂತವಾಗಿ ತೆಗೆದಿದ್ದರು. ಆ ನಿಷೇಧಗಳಿಂದ ಇಳುವರಿ ಕುಸಿದ ಲಕ್ಷಣ ಅಧ್ಯಯನಗಳಿಗೆ ಸಿಗಲಿಲ್ಲ. 2021ರ ಆದೇಶದ ಹಿಂದೆ ಅಂಥ ಯಾವ ಲೆಕ್ಕವೂ ಇರಲಿಲ್ಲ. ಸಾಕ್ಷ್ಯವಿಲ್ಲದೆ ಬಿಡುವುದೂ ಸಾಕ್ಷ್ಯವಿಲ್ಲದೆ ಹಿಡಿಯುವುದೂ ಒಂದೇ ರೋಗದ ಎರಡು ಮುಖ.

ನಮ್ಮ 1968ರ ಕೀಟನಾಶಕ ಕಾಯ್ದೆಯನ್ನು ತೆರೆದು ನೋಡಿದರೆ ಸೇತುವೆಯ ಹಲಗೆಗಳು ಅಲ್ಲೇ ಬಿದ್ದಿರುವುದು ಕಾಣುತ್ತದೆ. ಒಂಬತ್ತನೆಯ ಸೆಕ್ಷನ್ನಿನ ಪ್ರಕಾರ ಹೊಸ ಕೀಟನಾಶಕವನ್ನು ನೋಂದಾಯಿಸುವ ಕಂಪನಿ ತನ್ನ ಪರೀಕ್ಷೆಗಳ ಕಡತವನ್ನು ಫರೀದಾಬಾದಿನ ನೋಂದಣಿ ಸಮಿತಿಯ ಮುಂದಿಡಬೇಕು. ಒಮ್ಮೆ ಅದು ನೋಂದಣಿಯಾದರೆ ನಂತರ ಬರುವ ಕಂಪನಿಗಳಿಗೂ ಅದೇ ಷರತ್ತಿನ ಮೇಲೆ ನೋಂದಣಿ ಸಿಗುತ್ತದೆ. ಇಪ್ಪತ್ತೇಳನೆಯ ಸೆಕ್ಷನ್ ರಾಜ್ಯಗಳಿಗೆ ತುರ್ತು ನಿಷೇಧದ ಅಧಿಕಾರ ಕೊಡುತ್ತದೆ, ಅವಧಿ ಅರವತ್ತು ದಿನ. 2011ರ ಆರಂಭದಲ್ಲಿ ಕರ್ನಾಟಕ ಎಂಡೋಸಲ್ಫಾನನ್ನು ನಿಷೇಧಿಸಿದ್ದು ಈ ಗಡುವಿನ ಅಧಿಕಾರದಲ್ಲೇ. ನನ್ನ ವಾದಕ್ಕೆ ಮುಖ್ಯವಾದದ್ದು ನಡುವಿನ ಇಪ್ಪತ್ತಾರನೆಯ ಸೆಕ್ಷನ್. ಕೀಟನಾಶಕದ ಬಳಕೆ ಅಥವಾ ನಿರ್ವಹಣೆಯಿಂದಾದ ವಿಷಬಾಧೆಯ ಪ್ರಕರಣಗಳನ್ನೆಲ್ಲ ಗೊತ್ತುಪಡಿಸಿದ ಅಧಿಕಾರಿಗೆ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಯಾರನ್ನಾದರೂ ಬದ್ಧಗೊಳಿಸಬಹುದು ಎನ್ನುತ್ತದೆ ಅದು. ಬದ್ಧಗೊಳಿಸಲೇಬೇಕು ಎನ್ನುವುದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ನೂರಾರು ಮಂದಿ ಆಸ್ಪತ್ರೆ ಸೇರಿ, 20ಕ್ಕೂ ಹೆಚ್ಚು ಜನ ಸತ್ತಾಗ ಅದು ದೇಶಕ್ಕೆ ತಿಳಿದದ್ದು ಪತ್ರಿಕೆಗಳ ಮೂಲಕ.

ಮಾಹಿತಿಯೇ ಇಲ್ಲವೆಂದಲ್ಲ. ವಿಷದಿಂದ ಸತ್ತವರ ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಒಳಾಂಗಗಳ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ, ಯಾವ ರಾಸಾಯನಿಕ ಎಂಬ ವರದಿ ಪೊಲೀಸ್ ಠಾಣೆಗೆ ಬರುತ್ತದೆ, ಅಲ್ಲಿಂದ ಪ್ರಕರಣದ ಕಡತ ಸೇರುತ್ತದೆ. ಮನುಷ್ಯರ ಮೇಲಿನ ವಿಷಶಾಸ್ತ್ರದ ಈ ಭಂಡಾರವನ್ನು ಕೃಷಿ ಇಲಾಖೆ ಓದಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ಬದುಕಿ ಹೋದವರ ವಿವರವಂತೂ ಎಷ್ಟೋ ಸಲ ಕೇಸ್ ಶೀಟಿನಲ್ಲಿ ‘ವಿಷ ಸೇವನೆ’ ಎಂಬಷ್ಟಕ್ಕೇ ಮುಗಿಯುತ್ತದೆ. ಕಾಯ್ದೆ ಬದಲಿಸುವ ಮಸೂದೆಗಳು 2008ರಿಂದ ಬರುತ್ತಲೇ ಇವೆ, ಅವಕ್ಕಾಗಿ ಕಾಯಬೇಕಾದ ಅಗತ್ಯ ಇಲ್ಲಿಲ್ಲ. ಇಪ್ಪತ್ತಾರನೆಯ ಸೆಕ್ಷನ್ ರಾಜ್ಯಕ್ಕೆ ಕೊಟ್ಟ ಅಧಿಕಾರ, ದೆಹಲಿಯ ಒಪ್ಪಿಗೆ ಬೇಕಿಲ್ಲದ್ದು. ಪ್ರತಿ ಸರ್ಕಾರಿ, ಖಾಸಗಿ ಆಸ್ಪತ್ರೆಯೂ ವಿಷಬಾಧೆಯ ಪ್ರಕರಣವನ್ನು ಒಂದು ಪುಟದ ನಮೂನೆಯಲ್ಲಿ ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ಕಳಿಸಬೇಕೆಂದು ಕರ್ನಾಟಕ ಒಂದು ಅಧಿಸೂಚನೆ ಹೊರಡಿಸಬಹುದು. ಬಳಸುವಾಗ ಮೈಗೆ ತಾಗಿದ್ದೋ ಕುಡಿದದ್ದೋ ಎಂಬುದಕ್ಕೆ ಬೇರೆ ಬೇರೆ ಕಲಂ ಇಡಬಹುದು; ಕುಡಿದ ಪ್ರಕರಣಗಳು ಸೆಕ್ಷನ್ನಿನ ಮಾತಿನೊಳಗೆ ಬರುವುದಿಲ್ಲವೆಂದು ಯಾರಾದರೂ ವಾದಿಸಿದರೆ ಆರೋಗ್ಯ ಇಲಾಖೆಯ ಸುತ್ತೋಲೆ ಸಾಕು. ರೋಗಿಯ ಹೆಸರು, ಊರು ಬೇಡ. ಬೇಕಾದದ್ದು ಡಬ್ಬದ ಮೇಲಿನ ವ್ಯಾಪಾರದ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರು, ಶೇಕಡಾ ಎಷ್ಟು, ರೋಗಿಯ ವಯಸ್ಸು, ಆಸ್ಪತ್ರೆ ಸೇರಿದ ದಿನ, ಬಿಡುಗಡೆಯೋ ಸಾವೋ, ಮತ್ತು ಆ ಚೌಕದ ಬಣ್ಣ.